ಎಂಟು ಸಾವಿರನೆಯ ಬಾಗಿಲು

ಹಲ್ಲಿನ ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ಮ್ಯಾನೇಜರ್ ಎಂದೇ ಕರೆಯುತ್ತಿದ್ದರು. ಮ್ಯಾನೇಜ್ ಮಾಡಲು ಅಲ್ಲಿ ಹೆಚ್ಚೇನೂ ಇರಲಿಲ್ಲ. ಹಲ್ಲು ಕೀಳುವವಳು ಹೆಂಡತಿ, ಆಸ್ಪತ್ರೆ ಹೆಂಡತಿಯದು, ಆಸ್ಪತ್ರೆಯ ಮೇಲಿನ ಮನೆ ಹೆಂಡತಿಯ ತಾಯಿಯದು. ಅವನ ಪಾಲಿಗೆ ಬಂದದ್ದು ಮುಂದಿನ ಕೋಣೆಯ ಮೇಜು, ಮೇಜಿನ ಮೇಲಿನ ಫೋನು, ಮೇಜಿನ ಕೆಳಗಿನ ಕಂಪ್ಯೂಟರು. ಮದುವೆಗೆ ಮುಂಚೆ ಹುಡುಗಿಯ ಕಡೆಯವರು "ಹುಡುಗನಿಗೆ ಕಂಪ್ಯೂಟರ್ ಬರತ್ತಾ?" ಎಂದು ಕೇಳಿದಾಗ ಅವನ ಕಡೆಯವರು "ಅರೆದು ಕುಡಿದಿದ್ದಾನೆ" ಎಂದುಬಿಟ್ಟಿದ್ದರು. ಅರೆದದ್ದೂ ಇಲ್ಲ, ಕುಡಿದದ್ದೂ ಇಲ್ಲ. ಕಂಪ್ಯೂಟರ್ ತರಗತಿಯ ಫ್ಯಾನಿನ ಕೆಳಗೆ ಒಳ್ಳೆ ನಿದ್ದೆ ಮಾಡಿದ್ದ, ಅಷ್ಟೆ. ಆದರೆ ಆಡಿದ ಮಾತು ಆಡಿಯಾಗಿತ್ತು. ಅಂದಿನಿಂದ ಏನೇ ಕೆಟ್ಟರೂ ಒಮ್ಮೆ ಆಫ್ ಮಾಡಿ ಆನ್ ಮಾಡುವುದು, ಅದಕ್ಕೂ ಬಗ್ಗದಿದ್ದರೆ "ನೆಟ್‌ವರ್ಕ್ ಪ್ರಾಬ್ಲಂ" ಎಂದು ಹುಬ್ಬು ಗಂಟಿಕ್ಕುವುದು, ಈ ಎರಡು ಮದ್ದಿನಲ್ಲೇ ಅವನ ಸಂಸಾರ ಸಾಗಿಬಂದಿತ್ತು.

ಆ ಬೆಳಿಗ್ಗೆ ಎರಡೂ ಮದ್ದು ನಾಟಲಿಲ್ಲ.

ಹಿಂದಿನ ದಿನ ಹೊಸ ಎಕ್ಸ್‌ರೇ ಯಂತ್ರ ಬಂದಿತ್ತು. ಕಂಪನಿಯವನು ಅದನ್ನು ಗೋಡೆಗೆ ಜೋಡಿಸಿ, ಕಂಪ್ಯೂಟರಿಗೆ ಅದರ ಪ್ರೋಗ್ರಾಂ ತುಂಬಿಸಿ, "ನಾಳೆ ಆನ್ ಮಾಡಿ, ಚಿತ್ರ ತಾನೇ ಬರತ್ತೆ" ಎಂದು ಹೇಳಿ, ಕೊಟ್ಟ ಕಾಫಿಯನ್ನೂ ಪೂರ್ತಿ ಕುಡಿಯದೆ ಓಡಿದ್ದ. ಈಗ ಅವನ ಫೋನು ಸ್ವಿಚ್ ಆಫ್. ಒಳಗೆ ಕುರ್ಚಿಯ ಮೇಲೆ ಬಸ್ ಡ್ರೈವರ್ ಒಬ್ಬ, ಒಂದು ಕೆನ್ನೆಯಲ್ಲಿ ನಿಂಬೆಹಣ್ಣು ಬಚ್ಚಿಟ್ಟುಕೊಂಡವನಂತೆ ಊದಿಸಿಕೊಂಡು ಮಲಗಿದ್ದ. ಪರದೆಯ ಮೇಲೆ ಹಲ್ಲಿನ ಚಿತ್ರ ಬರಬೇಕಾದಲ್ಲಿ ಒಂದು ಕೆಂಪು ಡಬ್ಬಿ ಬಂದು ಕೂತಿತ್ತು: ಎಂಟು ಸಾವಿರನೆಯ ಪೋರ್ಟನ್ನು ಬೇರೊಂದು ಪ್ರೋಗ್ರಾಂ ಬಳಸುತ್ತಿದೆ, ನಾನು ಶುರುವಾಗಲಾರೆ.

"ರೀ! ಎಕ್ಸ್‌ರೇ ಎಲ್ಲಿ?" ಒಳಗಿನಿಂದ ಡಾಕ್ಟರಮ್ಮನ ದನಿ.

"ನೆಟ್‌ವರ್ಕ್ ಪ್ರಾಬ್ಲಂ!"

"ಯಂತ್ರ ಇಲ್ಲೇ ಗೋಡೆ ಮೇಲಿದೆ, ಕಂಪ್ಯೂಟರ್ ಅಲ್ಲೇ ನಿಮ್ಮ ಕಾಲ ಬುಡದಲ್ಲಿದೆ. ನಡುವೆ ಒಂದು ಗೋಡೆ. ಅದರಲ್ಲಿ ಯಾವ ನೆಟ್‌ವರ್ಕು, ಏನು ಪ್ರಾಬ್ಲಮ್ಮು?"

ಮ್ಯಾನೇಜರ್ ಫೋನೆತ್ತಿ ವೈರ್‌ಗೆ ಹಚ್ಚಿದ. ವೈರ್ ಎಂದರೆ ಅವನ ಶಾಲೆಯ ದಿನಗಳ ಗೆಳೆಯ. ಮೈಯೂ ಹಾಗೇ, ಕಸುಬೂ ಹಾಗೇ. ಎರಡು ಬೀದಿ ಆಚೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ.

"ಲೋ, ಪೋರ್ಟ್ ಅಂದ್ರೆ ಏನೋ?"

"ಯಾಕೆ, ಹಡಗು ತಗೊಂಡ್ಯಾ?"

"ತಮಾಷೆ ಬೇಡ. ಕಂಪ್ಯೂಟರ್‌ದು."

"ಕಂಪ್ಯೂಟರಿಗೆ ಸಾವಿರಾರು ಬಾಗ್ಲು ಇದೆ ಅಂತ ಇಟ್ಕೋ. ಒಂದೊಂದಕ್ಕೂ ಒಂದು ನಂಬರು. ಹೊರಗಿನವರ ಜೊತೆ ಮಾತಾಡ್ಬೇಕು ಅನ್ನೋ ಪ್ರೋಗ್ರಾಂ ಯಾವುದಾದ್ರೂ ಒಂದು ಬಾಗ್ಲಲ್ಲಿ ಹೋಗಿ ಕಾದು ನಿಲ್ಬೇಕು. ಒಂದು ಬಾಗ್ಲಿಗೆ ಒಬ್ನೇ. ಆಗ್ಲೇ ಯಾರಾದ್ರೂ ನಿಂತಿದ್ರೆ ಎರಡನೇಯವನಿಗೆ ಜಾಗ ಇಲ್ಲ."

"ಹಾಗಾದ್ರೆ ಎಂಟು ಸಾವಿರನೇ ಬಾಗ್ಲಲ್ಲಿ ಯಾರೋ ನಿಂತಿದ್ದಾರೆ. ಯಾರು ಅಂತ ಹೇಗೆ ನೋಡೋದು?"

ಆ ಕಡೆಯಿಂದ ಒಂದು ಕೆಮ್ಮು. "ಯಾವ ನಂಬರು ಅಂದೆ?"

"ಎಂಟು ಸಾವಿರ."

"ಓ... ಅಂಗಡೀಲಿ ಗಿರಾಕಿ ಇದ್ದಾರೆ ಕಣೋ. ಮಧ್ಯಾಹ್ನ ನಾನೇ ಬರ್ತೀನಿ. ಅಲ್ಲೀವರೆಗೂ ಏನೂ ಮುಟ್ಬೇಡ."

"ನೋಡು, ನಿನ್ನ ದವಡೆ ಹಲ್ಲು ಅರ್ಧ ಕೊರೆದು ಬಿಟ್ಟಿದೆ. ಉಳಿದರ್ಧ ನನ್ನ ಹೆಂಡ್ತಿ ಕೈಲಿದೆ. ಆಕೆಗೆ ನಾನು ಏನು ಹೇಳ್ಬೇಕು ಅಂತ ನೀನೇ ಯೋಚ್ನೆ ಮಾಡು."

ಗಿರಾಕಿ ತಟ್ಟನೆ ಮಾಯವಾದ. ವೈರ್ ನಿಟ್ಟುಸಿರು ಬಿಟ್ಟು ಶುರುಮಾಡಿದ. ಕಪ್ಪು ಪರದೆಯೊಂದನ್ನು ತೆರೆಯಬೇಕು. ಅದರಲ್ಲಿ ನೆಟ್‌ಸ್ಟ್ಯಾಟ್ ಎಂದು ಹೊಡೆಯಬೇಕು. ಜಾಗ ಬಿಟ್ಟು ಒಂದು ಅಡ್ಡಗೆರೆ.

"ಆಮೇಲೆ ಆನೋ."

"ಏನೋ?"

"ಏನೋ ಅಲ್ಲ, ಆನೋ."

"ಅದೇ ಏನೋ ಅಂತ ಕೇಳ್ತಿರೋದು!"

"ಎ, ಎನ್, ಓ ಮಾರಾಯ! ಮೂರು ಅಕ್ಷರ. ಹೊಡಿ."

ಹೊಡೆದ. ಬೆಲ್ಲದ ಡಬ್ಬಿ ಉರುಳಿಸಿದ ಹಾಗೆ ಪರದೆಯ ತುಂಬ ಅಂಕಿಗಳ ಇರುವೆಸಾಲು ಹರಿಯಿತು. ಮ್ಯಾನೇಜರಿಗೆ ಒಳಗೊಳಗೇ ಹೆಮ್ಮೆಯೆನಿಸಿತು. ಸಿನಿಮಾಗಳಲ್ಲಿ ಬ್ಯಾಂಕು ಲೂಟಿ ಮಾಡುವವರ ಮುಂದೆ ಇರುವಂಥದೇ ಪರದೆ. ಕಾಯುತ್ತ ಕೂತ ರೋಗಿಗಳಿಗೂ ಕಾಣಲಿ ಎಂದು ಅದನ್ನು ಸ್ವಲ್ಪ ಆ ಕಡೆ ತಿರುಗಿಸಿದ. ಗೋಡೆಯ ಬೆಂಚಿನ ಮೇಲೆ ಮೂವರಿದ್ದರು. ಸೊಪ್ಪು ಮಾರುವಾಕೆ, ಕೈಯಲ್ಲಿ ಛತ್ರಿ ಹಿಡಿದ ಮೇಷ್ಟ್ರು, ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಕಾಲೇಜು ಹುಡುಗಿ. ಮೂವರ ಕಿವಿಯಲ್ಲೂ ಇಯರ್‌ಫೋನು. ಮೂವರೂ ತಮ್ಮಷ್ಟಕ್ಕೇ ಮುಸಿಮುಸಿ ನಗುತ್ತಿದ್ದರು. ಹಲ್ಲುನೋವಿಗೆ ಬಂದವರು ಹೀಗೆ ನಗುವುದುಂಟೇ ಎಂದು ಅವನಿಗೆ ಹಿಂದೆಯೂ ಒಂದೆರಡು ಸಲ ಅನಿಸಿತ್ತು. ಕಾಲ ಕೆಟ್ಟಿದೆ, ಎಲ್ಲರೂ ಮೊಬೈಲಿನಲ್ಲಿ ಏನೋ ನೋಡುತ್ತಾರೆ ಎಂದು ಬಿಟ್ಟುಬಿಟ್ಟಿದ್ದ.

"ಎಂಟು ಸಾವಿರ ಇರೋ ಸಾಲು ಸಿಕ್ತು," ಎಂದ. "ಆದ್ರೆ ಲೋ, ಬಾಗ್ಲಿಗೆ ಒಬ್ನೇ ಅಂದ್ಯಲ್ಲ? ಇಲ್ಲಿ ಸಂತೆನೇ ನೆರೆದಿದೆ."

"ಕಾದು ನಿಲ್ಲೋನು ಒಬ್ನೇ. ಅವನ ಜೊತೆ ಹರಟೆ ಹೊಡ್ಯೋಕೆ ಎಷ್ಟು ಜನ ಬೇಕಾದ್ರೂ ಬರಬಹುದು. ಎಷ್ಟಿದೆ?" ಈ ಕೊನೆಯ ಪ್ರಶ್ನೆಯಲ್ಲಿ ವೈರ್‌ನ ದನಿಗೆ ವಿಚಿತ್ರವಾದ ಉತ್ಸಾಹ ಬಂದಿತ್ತು.

"ಒಂದು ಬಸ್ಸು ತುಂಬೋ ಅಷ್ಟಿದೆ. ಸಾಲಿನ ಕೊನೇಲಿ ಒಂದು ನಂಬರಿದ್ಯಲ್ಲ, ಅದೇನು?"

"ಅದು ನಿಂತಿರೋ ಪ್ರೋಗ್ರಾಂನ ನಂಬರು. ಅದನ್ನೆಲ್ಲ ಬಿಡು. ಆ ಮೇಲಿಂದ ಎರಡನೇ ಸಾಲಿದ್ಯಲ್ಲ, ನಂಗೇನೋ ಅದರ ಪ್ರೋಗ್ರಾಂ ಮೇಲೇ ಅನುಮಾನ. ಅದನ್ನ ಮುಗಿಸ್ಬಿಡು."

ಮ್ಯಾನೇಜರ್ ನಂಬಿ ಮುಗಿಸಿದ. ಮೂಲೆಯ ಪ್ರಿಂಟರು ಒಮ್ಮೆ ನರಳಿ ಅರ್ಧ ಹಾಳೆಯನ್ನು ನಾಲಿಗೆಯಂತೆ ಚಾಚಿಕೊಂಡು ಸುಮ್ಮನಾಯಿತು. ಕೆಂಪು ಡಬ್ಬಿ ಇದ್ದಲ್ಲೇ ಇತ್ತು.

ಇಷ್ಟಾದ ಮೇಲೆ ಅವನಿಗೆ ರೋಷ ಬಂತು. ಗೆಳೆಯನ ಮಾತು ಬದಿಗಿಟ್ಟು ಸಾಲಿನ ಕೊನೆಯ ಆ ನಂಬರನ್ನು ಅಂಗೈ ಮೇಲೆ ಬರೆದುಕೊಂಡ. ಕಂಪ್ಯೂಟರಿನಲ್ಲಿ ನಡೆಯುತ್ತಿರುವ ಪ್ರೋಗ್ರಾಂಗಳನ್ನೆಲ್ಲ ತೋರಿಸುವ ಕಿಟಕಿ ತೆರೆದು, ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತ ಬಂದ. ನಂಬರು ಸಿಕ್ಕಿತು. ಎದುರಿಗೆ ಹೆಸರೂ ಇತ್ತು, ವಿಂಡೋಸ್ ಹೆಲ್ಪರ್. ಅಯ್ಯೋ, ಇದು ಕಂಪ್ಯೂಟರಿನದೇ ಆಳು, ಮುಟ್ಟಿದರೆ ಮನೆ ಹಾಳು ಎಂದು ಕೈ ಹಿಂದೆಗೆಯುವುದರಲ್ಲಿದ್ದವನು ಇನ್ನೊಮ್ಮೆ ನೋಡಿದ. ವಿಂಡೋಸ್ ಎಂಬುದರ ಮೊದಲ ಇಂಗ್ಲಿಷ್ ಅಕ್ಷರ ಡಬ್ಲ್ಯೂ ಆಗಿರಲಿಲ್ಲ. ವಿ ಆಗಿತ್ತು.

ಈ ಪ್ರಪಂಚದಲ್ಲಿ ಡಬ್ಲ್ಯೂ ಬರಬೇಕಾದಲ್ಲೆಲ್ಲ ವಿ ಬರೆಯುವ ಮನುಷ್ಯ ಅವನಿಗೆ ಗೊತ್ತಿದ್ದವನು ಒಬ್ಬನೇ. ವಾಟರಿಗೂ ವಿ, ವಿಂಟರಿಗೂ ವಿ. ಇಂಗ್ಲಿಷ್ ಮೇಷ್ಟ್ರು ಬೆತ್ತ ಮುರಿದರೂ ವಿ. ಕೊನೆಗೆ ಅಂಗಡಿಯ ಬೋರ್ಡಿನ ಮೇಲೂ 'ವರ್ಕ್ಸ್'ಗೆ ವಿ ಹಾಕಿಸಿ, ಬೀದಿಯೆಲ್ಲ ನಕ್ಕರೂ ಬಣ್ಣ ಬಳಿಸದವನು.

"ಲೋ ವೈರ್," ಎಂದ ಮೆಲ್ಲಗೆ. "ನನ್ನ ಕಂಪ್ಯೂಟರಿನೊಳಗೆ ನಿನ್ನ ಅಕ್ಷರ ಯಾಕೋ ಇದೆ?"

"ಯಾ... ಯಾವ ಅಕ್ಷರ?"

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಸದ್ದು ಫೋನಿನಲ್ಲೇ ಕೇಳಿಸಿತು. ಮ್ಯಾನೇಜರ್ ಮತ್ತೆ ಕೇಳಲಿಲ್ಲ. ಆ ಹೆಸರಿನ ಮೇಲೆ ಒತ್ತಿ ಮುಗಿಸಿಬಿಟ್ಟ.

ಆಗ ನಡೆಯಿತು ನೋಡಿ. ಬೆಂಚಿನ ಮೇಲಿನ ಮೂರು ನಗುವೂ ಒಂದೇ ಏಟಿಗೆ ನಿಂತವು. ಸೊಪ್ಪಿನಾಕೆ ಇಯರ್‌ಫೋನು ಕಿತ್ತು ಊದಿದಳು. ಮೇಷ್ಟ್ರು ಮೊಬೈಲನ್ನು ತೊಡೆಗೆ ಬಡಿದರು. ಹುಡುಗಿ "ಥತ್" ಎಂದಳು. ಅಷ್ಟರಲ್ಲಿ ಪರದೆಯ ಮೇಲೆ ಅದೇ ವಿ ಅಕ್ಷರದವನು ಹೊಸ ನಂಬರು ಹೊತ್ತು ತಾನಾಗಿ ಎದ್ದು ನಿಂತ. ಬೆಂಚಿನ ಮೇಲೂ ನಗು ಎದ್ದಿತು.

ಮ್ಯಾನೇಜರ್ ಮತ್ತೆ ಕೊಂದ. ನಗು ಸತ್ತಿತು. ಅವನು ಮತ್ತೆ ಹುಟ್ಟಿದ. ನಗುವೂ ಹುಟ್ಟಿತು.

"ಅದು ಸಾಯಲ್ಲ ಕಣೋ," ವೈರ್ ಸೋತ ದನಿಯಲ್ಲಿ ಹೇಳಿದ. "ಸತ್ರೆ ತಾನೇ ಏಳೋ ಹಾಗೆ ಮಾಡಿದೀನಿ. ಕರೆಂಟು ಹೋಗಿ ಬಂದ್ರೆ ಅವರು ಬಯ್ತಾರೆ ಅಂತ."

"ಯಾರು ಬಯ್ತಾರೆ?"

"ನನ್ನ ಬಾಯಿಂದ ಹೇಳ್ಸಬೇಡ. ಬ್ರೌಸರಿನಲ್ಲಿ ನಿನ್ನ ಕಂಪ್ಯೂಟರ್ ಹೆಸರು ಹಾಕಿ, ಮುಂದೆ ಎರಡು ಚುಕ್ಕಿ ಇಟ್ಟು ಎಂಟು ಸಾವಿರ ಅಂತ ಹೊಡಿ. ದನಿ ಕಡಿಮೆ ಇಟ್ಕೊಂಡು ಕೇಳು."

ಆ ಕೊನೆಯ ಮಾತನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಎಂಟು ಸಾವಿರ ಹೊಡೆದ ಕೂಡಲೇ ಮೇಜಿನ ಮೇಲಿನ ಎರಡು ಸ್ಪೀಕರುಗಳಿಂದ ಗಂಟೆ ಬಡಿದಂತೆ ಸ್ಪಷ್ಟವಾದ ಹೆಂಗಸಿನ ದನಿ ಕೋಣೆಯ ತುಂಬ ಮೊಳಗಿತು:

"ಶ್ರೋತೃಗಳೇ, ದಯವಿಟ್ಟು ಗಮನಿಸಿ. ಬೆಳಿಗ್ಗೆ ಏಳಕ್ಕೆ ಹಾಸಿಗೆಯಿಂದ ಹೊರಡಬೇಕಾಗಿದ್ದ ಅಳಿಯಂದಿರು ಇಂದೂ ಸಹ ಒಂದು ಗಂಟೆ ತಡವಾಗಿ ಹೊರಟು, ಬಚ್ಚಲುಮನೆಯಲ್ಲಿ ಅನಿರ್ದಿಷ್ಟ ಕಾಲ ತಂಗಿದ್ದರು. ಇದರಿಂದ ಇತರರಿಗೆ ಉಂಟಾದ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ. ಕೆಳಗಿನ ಬೆಂಚಿನಿಂದ ಈಗಷ್ಟೇ ಬಂದ ಸುದ್ದಿ. ಅಳಿಯಂದಿರು ಕಪ್ಪು ಪರದೆಯ ಮುಂದೆ ಕೂತಿದ್ದಾರೆ. ಪರದೆಗೂ ಅವರಿಗೂ ಇನ್ನೂ ಪರಿಚಯವಾಗಿಲ್ಲ..."

ಅತ್ತೆ!

ಅವನ ಅತ್ತೆ ಬಸ್ ನಿಲ್ದಾಣದಲ್ಲಿ ಘೋಷಣೆ ಮಾಡುತ್ತಿದ್ದವರು. ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾವ ಪ್ಲಾಟ್‌ಫಾರಮ್ಮಿನಿಂದ ಎಂದು ಅವರು ಹೇಳಿದರೆ ಊರೇ ಓಡುತ್ತಿತ್ತು. ನಿವೃತ್ತರಾದ ಮೇಲೆ ಮಹಡಿಯ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಇರುತ್ತಿದ್ದರು. ಏನೋ ಓದಿಕೊಳ್ಳುತ್ತಾರೆ, ಪಾಪ ಎಂದು ಅಳಿಯ ತಿಳಿದಿದ್ದ.

ಒಳಗಿನ ಕುರ್ಚಿಯಿಂದ ಡ್ರೈವರ್ ಎದ್ದು, ಕುತ್ತಿಗೆಗೆ ಕಟ್ಟಿದ ಬಟ್ಟೆಯ ಸಮೇತ ಬಾಗಿಲಿಗೆ ಬಂದ. "ಇದು ನಮ್ಮ ಬಸ್‌ಸ್ಟ್ಯಾಂಡ್ ಅಮ್ಮಂದು!" ಊದಿದ ಕೆನ್ನೆಯಲ್ಲಿ ಮಾತು ಅರ್ಧ ಜಾರುತ್ತಿತ್ತು. "ಈ ದನಿ ಕೇಳಿದ್ರೆ ಈಗ್ಲೂ ನನ್ನ ಕಾಲು ತಾನಾಗಿ ಬ್ರೇಕ್ ಬಿಡತ್ತೆ ಸಾರ್! ಎಲ್ಲಿದ್ದಾರೆ ಅಮ್ಮ?"

ಅವನ ಹಿಂದೆಯೇ ಡಾಕ್ಟರಮ್ಮ ಕೈಗವಸು ಎತ್ತಿ ಹಿಡಿದು ಬಂದಳು. "ಎಕ್ಸ್‌ರೇ ಬಂತಾ?"

"ಇಲ್ಲ. ನಿಮ್ಮಮ್ಮ ಬಂದ್ರು."

ಹೆಂಡತಿಯ ಮುಖ ನೋಡಿದ. ಅವಳಿಗೆ ಆಶ್ಚರ್ಯವಾಗಬೇಕಿತ್ತು. ಆಗಿರಲಿಲ್ಲ. ಮಾಸ್ಕಿನ ಮೇಲಿನ ಕಣ್ಣುಗಳು ಗೋಡೆಯ ಗಡಿಯಾರ ನೋಡುತ್ತಿದ್ದವು.

"ನಿಂಗೂ ಗೊತ್ತಿತ್ತಾ?"

"ಹಲ್ಲು ಕೊರೆಯೋವಾಗ ಕುರ್ಚಿ ಮೇಲೆ ಮಲಗಿದವರ ಕಿವಿಗೆ ಅದನ್ನೇ ಹಾಕ್ತೀನಿ ರೀ. ನಗ್ತಾ ಇದ್ರೆ ಬಾಯಿ ಚೆನ್ನಾಗಿ ತೆಗೀತಾರೆ."

ಊರಿಗೆಲ್ಲ ಗೊತ್ತಿದ್ದದ್ದು ಮನೆಯವನಿಗೊಬ್ಬನಿಗೆ ಗೊತ್ತಿರಲಿಲ್ಲ. ಮಾರುಕಟ್ಟೆಯಲ್ಲಿ ಗುರುತಿಲ್ಲದವರು "ಇವತ್ತು ಬೇಗ ಎದ್ದಿರಾ ಸಾರ್?" ಎಂದು ವಿಚಾರಿಸುತ್ತಿದ್ದದ್ದು, ಔಷಧಿ ಅಂಗಡಿಯವನು ಅವನ ಮಲಬದ್ಧತೆಗೆ ತಾನಾಗಿ ಪುಡಿ ತೆಗೆದುಕೊಟ್ಟದ್ದು, ಎಲ್ಲ ಒಂದೊಂದಾಗಿ ನೆನಪಾಗಿ ಕಿವಿ ಕೆಂಪಾದವು. ಚಪ್ಪಲಿ ಮೆಟ್ಟುವುದನ್ನೂ ಮರೆತು ಮೆಟ್ಟಿಲು ಹತ್ತಿದ.

ಅತ್ತೆ ಕಿಟಕಿಯ ಪಕ್ಕದ ಮೇಜಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಮುಂದೆ ಲ್ಯಾಪ್‌ಟಾಪು, ಅದರ ಮುಂದೆ ಒಂದು ಮೈಕು. ಇಲ್ಲಿ ಆಡಿದ ಮಾತು ಕೆಳಗಿನ ಕಂಪ್ಯೂಟರಿಗೆ ಇಳಿದು, ವೈರ್ ನಿಲ್ಲಿಸಿದ ಪ್ರೋಗ್ರಾಂನ ಬಾಗಿಲಿನಿಂದ ಊರಿಗೆಲ್ಲ ಹೋಗುತ್ತಿತ್ತು. ಮೈಕಿಗೆ ಕಾಲುಚೀಲ ತೊಡಿಸಿತ್ತು. ಕಾಲುಚೀಲ ಅಳಿಯನದೇ. ಜೋಡಿ ಕಳೆದುಹೋಯಿತೆಂದು ಎಷ್ಟೋ ದಿನದಿಂದ ಹುಡುಕುತ್ತಿದ್ದ.

"ಬನ್ನಿ ಅಳಿಯಂದಿರೇ," ಎಂದರು, ಅವನೇ ಬರಲೆಂದು ಕಾಯುತ್ತಿದ್ದವರಂತೆ. "ಕೂತ್ಕೊಳ್ಳಿ."

"ನಾನು ಕೂರೋಕೆ ಬಂದಿಲ್ಲ ಅತ್ತೆ! ನನ್ನ ಬಚ್ಚಲುಮನೆ ವಿಷಯ ಊರಿಗೆಲ್ಲ ಯಾಕೆ ಹೇಳ್ತೀರಿ?"

"ಸುಳ್ಳು ಹೇಳಿದ್ರೆ ತೋರ್ಸಿ, ತಿದ್ದುಪಡಿ ಓದ್ತೀನಿ."

"ನಿಜಾನೇ ಇರಬಹುದು! ನಿಜ ಅಂತ ಎಲ್ಲಾನೂ ಹೇಳ್ತಾರಾ?"

"ಬಸ್ಸು ತಡ ಆದ್ರೆ ತಡ ಅಂತ ಹೇಳೋದೇ ನನ್ನ ಕೆಲಸ ಆಗಿತ್ತು. ಜೀವಮಾನ ಪೂರ್ತಿ ಅದನ್ನೇ ಮಾಡಿದ್ದು. ಆಮೇಲೆ ಒಂದು ದಿನ ಶಾಲು ಹೊದಿಸಿ ಕಳಿಸಿದ್ರು. ಮಾರನೇ ದಿನವೇ ನನ್ನ ಜಾಗದಲ್ಲಿ ಒಂದು ರೆಕಾರ್ಡು. ಅದಕ್ಕೆ ಊರುಗಳ ಹೆಸ್ರೇ ಸರಿಯಾಗಿ ಬರಲ್ಲ." ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಮನೆಗೆ ಬಂದ್ರೆ ನೀವೆಲ್ಲ 'ಆರಾಮಾಗಿರಿ, ಆರಾಮಾಗಿರಿ' ಅಂದ್ರಿ. ಆರಾಮ್ ಅಂದ್ರೆ ಬಾಯಿ ಮುಚ್ಕೊಂಡಿರೋದು ಅಂತ ನಂಗೆ ಗೊತ್ತಿರ್ಲಿಲ್ಲ. ಮಗಳಿಗೆ ಬೇರೆಯವರ ಬಾಯಿ ನೋಡೋದ್ರಲ್ಲೇ ದಿನ ಕಳೆಯತ್ತೆ, ನನ್ನ ಬಾಯಿ ನೋಡೋಕೆ ಪುರುಸೊತ್ತಿಲ್ಲ. ಈ ಮನೇಲಿ ನಿಧಾನವಾಗಿ ಓಡಾಡೋ ವಾಹನ ಅಂದ್ರೆ ನೀವೊಬ್ರೇ. ಕಣ್ಣಿಗೆ ಸಿಕ್ಕಿದ್ದನ್ನ ಹೇಳಿದೆ."

ಮ್ಯಾನೇಜರ್ ಬಯ್ಯಲೆಂದು ಮೆಟ್ಟಿಲ ಮೇಲೆ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಗಂಟಲಲ್ಲೇ ಟ್ರಾಫಿಕ್ಕಿಗೆ ಸಿಕ್ಕಿಕೊಂಡವು. ತಾನು ಹಲ್ಲುಜ್ಜುವುದನ್ನು ಕೂಡ ಇಷ್ಟು ಗಮನವಿಟ್ಟು ನೋಡಿದವರು ತನ್ನ ಹೆತ್ತ ತಾಯಿಯನ್ನು ಬಿಟ್ಟರೆ ಇವರೊಬ್ಬರೇ ಎಂಬ ಯೋಚನೆ ಬಂದು ಸಿಟ್ಟು ಕಾಲು ಜಾರಿತು. ಆದರೂ ಬಿಟ್ಟುಕೊಡಲಿಲ್ಲ.

"ಅದೆಲ್ಲ ಸರಿ. ಕೆಳಗೆ ಒಬ್ಬ ಮನುಷ್ಯ ಕೆನ್ನೆ ಊದಿಸ್ಕೊಂಡು ಸಾಯ್ತಾ ಇದ್ದಾನೆ. ನಿಮ್ಮ ರೇಡಿಯೋ ನಿಂತಿರೋ ಬಾಗ್ಲೇ ಎಕ್ಸ್‌ರೇಗೂ ಬೇಕು. ಇಬ್ರಲ್ಲಿ ಒಬ್ರು ಮುಚ್ಚಬೇಕು."

"ಯಾಕೆ ಮುಚ್ಚಬೇಕು?" ಅತ್ತೆ ಹುಬ್ಬೇರಿಸಿದರು. "ಎಂಟು ಸಾವಿರ ಒಂದೇ ಪ್ಲಾಟ್‌ಫಾರಮ್ಮಾ ಇರೋದು? ಒಂದು ಜಾಗಕ್ಕೆ ಎರಡು ಬಸ್ಸು ಬಂದ್ರೆ ಒಂದನ್ನ ಸುಟ್ಟು ಹಾಕ್ತಾರಾ? ಪಕ್ಕಕ್ಕೆ ಕಳಿಸ್ತಾರೆ. ಎಂಟು ಸಾವಿರದ ಐವತ್ತು ಖಾಲಿ ಇದೆಯಾ, ನೋಡ್ಕೊಂಡು ಬನ್ನಿ."

ವೈರ್‌ಗೆ ಹೊಳೆಯಬೇಕಿತ್ತು, ಹೊಳೆದಿರಲಿಲ್ಲ. ಹೊಳೆದಿದ್ದರೂ ಗುಟ್ಟು ಮುಚ್ಚುವ ಗಡಿಬಿಡಿಯಲ್ಲಿ ಅವನು ಹೇಳುತ್ತಿರಲಿಲ್ಲ.

"ನೋಡ್ತೀನಿ," ಎಂದ ಅಳಿಯ. "ಆದ್ರೆ ಒಂದು ಷರತ್ತು. ಇನ್ಮೇಲೆ ನನ್ನ ಸುದ್ದಿ ಬರಕೂಡದು."

"ಆಯ್ತು. ಆದ್ರೆ ಸುದ್ದಿ ಇಲ್ದೆ ನಿಲಯ ನಡ್ಸೋಕಾಗಲ್ಲ. ಬೇರೆ ಯಾರನ್ನಾದ್ರೂ ಹಾಕ್ಕೋತೀನಿ. ಆಕ್ಷೇಪಣೆ ಇಲ್ಲ ತಾನೆ?"

"ಯಾರನ್ನ ಬೇಕಾದ್ರೂ ಹಾಕ್ಕೊಳ್ಳಿ!"

ಅಷ್ಟು ಹೊತ್ತಿಗೆ ಅವನ ಕಣ್ಣು ಮೈಕಿನ ಬುಡದ ಪುಟ್ಟ ಕೆಂಪು ದೀಪದ ಮೇಲೆ ಬಿತ್ತು. ಉರಿಯುತ್ತಿತ್ತು. ಕೆಳಗಿನ ಕೋಣೆಯಿಂದ ಸೊಪ್ಪಿನಾಕೆಯ ನಗು ಅಲೆಅಲೆಯಾಗಿ ಮೇಲೇರಿ ಬಂತು.

ಕೆಳಗಿಳಿದವನು ಯಾರ ಮುಖವನ್ನೂ ನೋಡದೆ ಕುರ್ಚಿಗೆ ಕೂತು, ಮತ್ತೆ ನೆಟ್‌ಸ್ಟ್ಯಾಟ್ ಹೊಡೆದು, ಅಡ್ಡಗೆರೆ ಹಾಕಿ, ಯಾರನ್ನೂ ಕೇಳದೆ ಆನೋ ಎಂದ. ಸಾಲುಗಳನ್ನು ಮೇಲಿಂದ ಕೆಳಗೆ ನೋಡಿದ. ಎಂಟು ಸಾವಿರದ ಐವತ್ತರಲ್ಲಿ ಯಾರೂ ಇರಲಿಲ್ಲ. ವೈರ್ ಫೋನಿನಲ್ಲಿ ತಪ್ಪೊಪ್ಪಿಗೆಯ ದನಿಯಲ್ಲಿ ದಾರಿ ಹೇಳಿದ. ರೇಡಿಯೋ ತನ್ನ ಬಾಗಿಲ ನಂಬರನ್ನು ಬರೆದಿಟ್ಟುಕೊಂಡ ಕಡತ ಎಲ್ಲಿದೆ, ಹೊರಗಿನವರು ಒಳಬರಲು ಮೋಡೆಮ್ಮಿನಲ್ಲಿ ಯಾವ ದಾರಿ ಬದಲಿಸಬೇಕು. ಮ್ಯಾನೇಜರ್ ಎಲ್ಲ ಸಿದ್ಧಮಾಡಿಟ್ಟು, ಕೊನೆಯ ಗುಂಡಿಯ ಮೇಲೆ ಬೆರಳಿಟ್ಟು ಕಾದ. ಸ್ಪೀಕರಿನಲ್ಲಿ ಅತ್ತೆ ಕೊನೆಯ ಘೋಷಣೆ ಮಾಡುತ್ತಿದ್ದರು:

"ಶ್ರೋತೃಗಳ ಗಮನಕ್ಕೆ. ಎಂಟು ಸಾವಿರದಿಂದ ಹೊರಡುತ್ತಿದ್ದ ನಮ್ಮ ನಿಲಯ ಇನ್ನು ಮುಂದೆ ಎಂಟು ಸಾವಿರದ ಐವತ್ತರಿಂದ ಹೊರಡುವುದು. ದಯವಿಟ್ಟು ನೂಕುನುಗ್ಗಲು ಮಾಡದೆ, ಮಕ್ಕಳ ಕೈ ಹಿಡಿದುಕೊಂಡು, ಎಲ್ಲರೂ ಅಲ್ಲಿಗೆ ಬರತಕ್ಕದ್ದು."

"ಅಮ್ಮ ಹೇಳಿದ ಮೇಲೆ ಹೊರಡಲೇಬೇಕು," ಎಂದು ಡ್ರೈವರ್ ತಾನೂ ಹೋಗಿ ಕುರ್ಚಿಯ ಮೇಲೆ ಮಲಗಿದ.

ಮ್ಯಾನೇಜರ್ ಗುಂಡಿ ಒತ್ತಿದ. ಕೆಂಪು ಡಬ್ಬಿ ಹೋಯಿತು. ಪರದೆಯ ಮೇಲೆ ಡ್ರೈವರನ ದವಡೆ ಬೂದುಬಣ್ಣದಲ್ಲಿ ಮೆಲ್ಲಗೆ ಮೂಡಿತು. ಒಂದು ಹಲ್ಲಿನ ಬೇರಿನ ಕೆಳಗೆ ಕೀವಿನ ಚೀಲ ಕಪ್ಪಗೆ ಕಾಣುತ್ತಿತ್ತು. ಡಾಕ್ಟರಮ್ಮ ಅದನ್ನು ನೋಡಿ, ಆಮೇಲೆ ಗಂಡನನ್ನು ನೋಡಿ, "ಪರವಾಗಿಲ್ವೇ ನೀವು!" ಎಂದಳು. ಮದುವೆಯಾದ ಮೇಲೆ ಅವಳು ಕಂಪ್ಯೂಟರಿನ ವಿಷಯದಲ್ಲಿ ಆಡಿದ ಮೊದಲ ಒಳ್ಳೆಯ ಮಾತು. ಅವನು ಆ ಸಂತೋಷದಲ್ಲಿ ಪ್ರಿಂಟರಿನ ಅರ್ಧ ಹಾಳೆಯನ್ನೂ ಎಳೆದು ಬಿಸಾಕಿದ.

ಅತ್ತೆ ಕೊಟ್ಟ ಮಾತಿಗೆ ತಪ್ಪಲಿಲ್ಲ. ಅಳಿಯನ ಸುದ್ದಿ ಒಂದಕ್ಷರವೂ ಬರಲಿಲ್ಲ. ಮಾರುಕಟ್ಟೆಯಲ್ಲಿ ಅವನನ್ನು ಯಾರೂ ಮಾತಾಡಿಸಲಿಲ್ಲ. ಅದೂ ಅವನಿಗೆ ಅಷ್ಟೇನೂ ಹಿತವೆನಿಸಲಿಲ್ಲ ಎಂಬುದು ಬೇರೆ ಮಾತು. ಕೆಲವು ದಿನ ಕಳೆದ ಮೇಲೆ ಬೆಳಿಗ್ಗೆ ಬೆಂಚಿನ ಮೇಲೆ ಮತ್ತೆ ನಗು ಶುರುವಾಯಿತು. ಹಿಂದಿಗಿಂತ ಜೋರಾಗಿ. ಒಳಗಿನಿಂದ ಡಾಕ್ಟರಮ್ಮ ಬಿರುಗಾಳಿಯ ಹಾಗೆ ಹೊರಗೆ ಬಂದು ಬಾಗಿಲು ಮುಂದೆ ಮಾಡಿದಳು.

"ರೀ, ಅಮ್ಮ ಏನು ಹೇಳ್ತಿದ್ದಾರೆ ಕೇಳಿದ್ರಾ? ನಾನು ರಾತ್ರಿ ಹಲ್ಲುಜ್ಜದೆ ಮಲಗ್ತೀನಂತೆ! ಫ್ರಿಜ್ಜಿನ ಹಿಂದೆ ಚಾಕ್ಲೇಟ್ ಬಚ್ಚಿಡ್ತೀನಂತೆ! ರೋಗಿಗಳ ಮುಂದೆ ನನ್ನ ಮರ್ಯಾದೆ ಏನಾಗ್ಬೇಕು? ಆ ಕಪ್ಪು ಪರದೆ ತೆಗೀರಿ. ಈಗ್ಲೇ ಮುಚ್ಚಿ ಅದನ್ನ!"

ಮ್ಯಾನೇಜರ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಹುಬ್ಬು ಗಂಟಿಕ್ಕಿ, ಪರದೆಯ ಮೇಲಿನ ಸಾಲುಗಳನ್ನು ಗಂಭೀರವಾಗಿ ದಿಟ್ಟಿಸಿದ.

"ಮೊದ್ಲು ಯಾವ ಪೋರ್ಟು ಅಂತ ಹುಡುಕ್ಬೇಕು," ಎಂದ. "ಆಮೇಲೆ ಅದರ ಹಿಂದೆ ಯಾವ ಪ್ರೋಗ್ರಾಂ ಇದೆ ಅಂತ ನೋಡ್ಬೇಕು. ತುಂಬ ಸೂಕ್ಷ್ಮ ಕೆಲಸ. ನೀನು ಒಳಗೆ ಹೋಗು, ಹೊತ್ತು ಹಿಡಿಯತ್ತೆ."

ಅವಳು ಒಳಗೆ ಹೋದ ಮೇಲೆ ಡ್ರಾಯರಿನಿಂದ ಇಯರ್‌ಫೋನು ತೆಗೆದು ಎರಡೂ ಕಿವಿಗೆ ಸಿಕ್ಕಿಸಿಕೊಂಡ. ಅತ್ತೆ ಚಾಕ್ಲೇಟಿನ ಬಗೆಗೆ ಇನ್ನೂ ಹೇಳುತ್ತಲೇ ಇದ್ದರು.